ಎಂಎಸ್ ಇದ್ದರೆ ಯಾವುದಕ್ಕೆ ಮಾಮೂಲಿ ಡಾಕ್ಟರು, ಯಾವುದಕ್ಕೆ ಸ್ಪೆಷಲಿಸ್ಟು?

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಅಂತ ಗೊತ್ತಾದ ಮೊದಲ ವರ್ಷ ಜನಕ್ಕೆ ತಲೆ ಕೆಡುವುದು ಕಾಯಿಲೆಯಿಂದ ಎಷ್ಟೋ, ಯಾರ ಹತ್ತಿರ ಹೋಗಬೇಕು ಅನ್ನುವುದರಿಂದಲೂ ಅಷ್ಟೇ. ಸಣ್ಣ ಕೆಮ್ಮಿಗೂ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡುವವರಿದ್ದಾರೆ. ಕಾಲು ಸೋತು ನಾಲ್ಕು ದಿನವಾದರೂ ಫ್ಯಾಮಿಲಿ ಡಾಕ್ಟರು ಕೊಟ್ಟ ವಿಟಮಿನ್ ಮಾತ್ರೆ ನುಂಗಿಕೊಂಡು ಸುಮ್ನೆ ಕೂತವರೂ ಇದ್ದಾರೆ. ಈ ಕಾಯಿಲೆಗೆ ಇಬ್ಬರೂ ಬೇಕು. ತೊಂದರೆ ಆಗುವುದು ಬಹಳ ಸಲ ಇಬ್ಬರ ನಡುವಿನ ಜಾಗದಲ್ಲಿ. ಅದನ್ನು ಅವರು ನೋಡಿಕೊಳ್ಳುತ್ತಾರೆ ಅಂತ ಇವರು ಬಿಟ್ಟಿರುತ್ತಾರೆ, ಇವರು ನೋಡಿರುತ್ತಾರೆ ಅಂತ ಅವರು ಅಂದುಕೊಂಡಿರುತ್ತಾರೆ, ಕೊನೆಗೆ ಯಾರೂ ನೋಡಿರುವುದಿಲ್ಲ. ಹಾಗಾಗಿ ಯಾವ ಕೆಲಸ ಯಾರದ್ದು ಅಂತ ನಿಮಗೆ ಗೊತ್ತಿದ್ದರೆ ಅರ್ಧ ಗೆದ್ದ ಹಾಗೆ.

ಕಾಯಿಲೆ ಬಗ್ಗೆ ಎರಡೇ ಮಾತು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರದ ಮೇಲೆ ತಿರುಗಿ ಬೀಳುತ್ತದೆ. ನರದ ಸುತ್ತ ಇರುವ ಮಯೆಲಿನ್ ಪದರ ಹಾಳಾಗುತ್ತದೆ. ಹೆಚ್ಚಿನವರಿಗೆ 20ರಿಂದ 40 ವಯಸ್ಸಿನೊಳಗೆ ಶುರು, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. 100ರಲ್ಲಿ ಸುಮಾರು 85 ಜನಕ್ಕೆ ಅದು ಬಂದು ಹೋಗುವ ರೂಪದಲ್ಲಿ ಶುರುವಾಗುತ್ತದೆ: ಕೆಲವು ದಿನವೋ ವಾರವೋ ಕಾಟ, ಆಮೇಲೆ ಪೂರ್ತಿಯಾಗೋ ಅರ್ಧಂಬರ್ಧವೋ ಗುಣ. ತಾನಾಗೇ ಕಮ್ಮಿಯಾಗುವ ಈ ಗುಣವೇ ಮಾಮೂಲಿ ಡಾಕ್ಟರನ್ನು ಏಮಾರಿಸುವುದು. ಕೊಟ್ಟ ಮಾತ್ರೆಯಿಂದಲೇ ವಾಸಿಯಾಯಿತು ಅಂತ ಅವರೂ ನಂಬುತ್ತಾರೆ, ನೀವೂ ನಂಬುತ್ತೀರಿ.

ಮೊದಲ ಗುಮಾನಿ ಬಂದಾಗ

ಅಂಗಾಲು ಜೋಮು ಅಂತ ಫ್ಯಾಮಿಲಿ ಡಾಕ್ಟರ ಹತ್ತಿರ ಹೋದರೆ ಅವರ ತಲೆಗೆ ಮೊದಲು ಬರುವುದು ಸಕ್ಕರೆ ಕಾಯಿಲೆ, ಬಿ12 ಕೊರತೆ, ಥೈರಾಯ್ಡ್, ಕತ್ತು ಅಥವಾ ಸೊಂಟದ ಮೂಳೆ. ಇದರಲ್ಲಿ ತಪ್ಪೇನೂ ಇಲ್ಲ. ಜೋಮು ಅಂತ ಬರುವ ನೂರಾರು ಜನರಲ್ಲಿ ಹೆಚ್ಚಿನವರಿಗೆ ಇರುವುದು ಇಂಥದ್ದೇ, ಎಂಎಸ್ ಅವರ ಕಣ್ಣಿಗೆ ಬೀಳುವುದು ಅಪರೂಪ. ಈ ರಕ್ತಪರೀಕ್ಷೆಗಳನ್ನು ಅವರ ಹತ್ತಿರವೇ ಮಾಡಿಸಿಕೊಳ್ಳಿ. ಹೇಗೂ ನ್ಯೂರಾಲಜಿಸ್ಟ್ ಮೊದಲು ಕೇಳುವುದು ಅದನ್ನೇ.

ಸ್ಪೆಷಲಿಸ್ಟ್ ಅದೇ ಜೋಮನ್ನು ಹಿಡಿದುಕೊಂಡು ಬೇರೆ ದಾರಿಯಲ್ಲಿ ಹೋಗುತ್ತಾರೆ. ಎರಡು ಮೂರು ವರ್ಷದ ಹಿಂದೆ ಒಂದು ಕಣ್ಣು ಮಸುಕಾಗಿತ್ತಾ? ಆಗ ಕಣ್ಣು ಹೊರಳಿಸಿದರೆ ನೋಯುತ್ತಿತ್ತಾ? ಕೆಂಪು ಬಣ್ಣ ಆ ಕಣ್ಣಿಗೆ ತೊಳೆದ ಬಟ್ಟೆಯಂತೆ ಪೇಲವವಾಗಿ ಕಾಣುತ್ತಿತ್ತಾ? ಗದ್ದ ಎದೆಗೆ ತಾಗುವ ಹಾಗೆ ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹರಿದಂತೆ ಆಗುತ್ತಾ? ಬಿಸಿನೀರಿನ ಸ್ನಾನ ಆದಮೇಲೆ ಕಾಲು ಇನ್ನಷ್ಟು ಸೋಲುತ್ತಾ? ಮೂತ್ರ ಬಂತು ಅಂದ ಕೂಡಲೇ ಓಡಬೇಕಾ? ಇವರು ಹುಡುಕುತ್ತಿರುವುದು ಎರಡು ಸಂಗತಿ: ನರಮಂಡಲದ ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ಕಾಲದಲ್ಲಿ ಏಟು ಬಿದ್ದಿದೆಯಾ ಅಂತ. ಒಂದು ಸಲದ ಜೋಮಿನಲ್ಲಿ ಇದು ಕಾಣುವುದಿಲ್ಲ, ಹಳೆಯ ಕಥೆಯಲ್ಲಿ ಕಾಣುತ್ತದೆ.

ಆದ್ದರಿಂದ ಫ್ಯಾಮಿಲಿ ಡಾಕ್ಟರ ಮುಂದೆ ಕೂತಾಗ ಈಗಿನ ತೊಂದರೆ ಮಾತ್ರ ಹೇಳಿ ಎದ್ದು ಬರಬೇಡಿ. ಹಿಂದಿನ ಕಣ್ಣಿನ ಕಥೆ, ವಾರಗಟ್ಟಲೆ ಇದ್ದ ತಲೆಸುತ್ತು, ತಾನಾಗೇ ಹೋದ ಕೈ ಮರಗಟ್ಟುವಿಕೆ, ಇವನ್ನೂ ಹೇಳಿ. ಇನ್ನೊಂದು, ಒಂದು ಕಣ್ಣಿನ ದೃಷ್ಟಿ ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದ್ದರೆ, ಕಾಲಿನ ಬಲ ಹೋಗುತ್ತಿದ್ದರೆ, ಮೂತ್ರ ಕಟ್ಟಿಕೊಂಡರೆ, ಇದು ಬರುವ ವಾರದ ಅಪಾಯಿಂಟ್‌ಮೆಂಟ್‌ಗೆ ಕಾಯುವ ವಿಷಯವಲ್ಲ. ಅವತ್ತೇ ಆಸ್ಪತ್ರೆಗೆ ಹೋಗಿ.

ಎಂಆರ್‌ಐ ರಿಪೋರ್ಟ್ ನೋಡಿ ಹೆದರುವ ಮೊದಲು

ತಲೆನೋವಿಗೆ ಅಂತ ತೆಗೆಸಿದ ಎಂಆರ್‌ಐನಲ್ಲಿ ಬಿಳಿ ಚುಕ್ಕೆ ಕಂಡಿದೆ, ರಿಪೋರ್ಟ್‌ನಲ್ಲಿ ಎಂಎಸ್ ಇರಬಹುದು ಅಂತ ಬರೆದಿದ್ದಾರೆ, ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ. ಇಂಥದ್ದು ಆಗುತ್ತಲೇ ಇರುತ್ತದೆ. ಮೈಗ್ರೇನ್, ಬಿಪಿ, ಸಕ್ಕರೆ ಕಾಯಿಲೆ, ಬರೀ ವಯಸ್ಸು, ಇವುಗಳಿಂದಲೂ ಮೆದುಳಿನಲ್ಲಿ ಬಿಳಿ ಚುಕ್ಕೆ ಬರುತ್ತದೆ. ಚುಕ್ಕೆ ಇದೆಯಾ ಅನ್ನುವುದಕ್ಕಿಂತ ಎಲ್ಲಿದೆ, ಯಾವ ಆಕಾರದಲ್ಲಿದೆ ಅನ್ನುವುದು ಮುಖ್ಯ. ಮೆದುಳಿನೊಳಗೆ ನೀರು ತುಂಬಿದ ಕೋಣೆಗಳ ಪಕ್ಕ, ಹೊರಪದರದ ಹತ್ತಿರ, ಕೆಳಗಿನ ಕಾಂಡದ ಭಾಗ, ಬೆನ್ನುಹುರಿ, ಈ ನಾಲ್ಕು ಜಾಗವನ್ನು ಸ್ಪೆಷಲಿಸ್ಟ್ ನೋಡುತ್ತಾರೆ. ಎಂಎಸ್ ಹೌದೋ ಅಲ್ಲವೋ ಅಂತ ತೀರ್ಮಾನಿಸಲು 2001ರಲ್ಲಿ ಬಂದ ಮೆಕ್‌ಡೊನಾಲ್ಡ್ ಮಾನದಂಡಗಳನ್ನು ಹಲವು ಸಲ ತಿದ್ದಿದ್ದಾರೆ. 2017ರ ತಿದ್ದುಪಡಿಯಲ್ಲಿ ಬೆನ್ನಿನಿಂದ ತೆಗೆಯುವ ನೀರಿನ ಪರೀಕ್ಷೆಗೆ ಮಹತ್ವ ಜಾಸ್ತಿಯಾಯಿತು, 2024ರದ್ದರಲ್ಲಿ ಕಣ್ಣಿನ ನರ ಐದನೇ ಜಾಗವಾಗಿ ಸೇರಿತು. ಇದನ್ನೆಲ್ಲ ಫ್ಯಾಮಿಲಿ ಡಾಕ್ಟರು ನೆನಪಿಟ್ಟುಕೊಂಡಿರಬೇಕು ಅಂತ ಬಯಸುವುದು ಅನ್ಯಾಯ. ಹಾಗೆಯೇ, ಬರೀ ಎಂಆರ್‌ಐ ಹಾಳೆ ನೋಡಿ ಎಂಎಸ್ ಅಂತ ಅವರು ಹೇಳಿಬಿಟ್ಟರೆ ನೀವು ಒಪ್ಪಿಕೊಳ್ಳಬೇಕಾಗಿಯೂ ಇಲ್ಲ. ಇಲ್ಲದ ಎಂಎಸ್‌ಗೆ ವರ್ಷಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡವರೂ ಇದ್ದಾರೆ.

ಎಲ್ಲ ನ್ಯೂರಾಲಜಿಸ್ಟೂ ಎಂಎಸ್ ಡಾಕ್ಟರಲ್ಲ

ಇದು ಬಹಳ ಜನಕ್ಕೆ ತಿಳಿಯದ ಮಾತು. ನ್ಯೂರಾಲಜಿಸ್ಟ್ ಅಂದರೆ ಸ್ಪೆಷಲಿಸ್ಟ್ ನಿಜ, ಆದರೆ ಅವರ ದಿನದಲ್ಲಿ ಹೆಚ್ಚಿನದು ಪಾರ್ಶ್ವವಾಯು, ಫಿಟ್ಸ್, ತಲೆನೋವು, ಪಾರ್ಕಿನ್ಸನ್. ಎಂಎಸ್ ಮಾತ್ರವೇ ಜಾಸ್ತಿ ನೋಡುವವರು ಅವರೊಳಗೆ ಇನ್ನೊಂದು ಗುಂಪು. ಸೌಮ್ಯವಾಗಿರುವ, ಔಷಧಿಗೆ ಬಗ್ಗಿರುವ ಎಂಎಸ್ ಅನ್ನು ಸಾಮಾನ್ಯ ನ್ಯೂರಾಲಜಿಸ್ಟ್ ಚೆನ್ನಾಗಿಯೇ ನಡೆಸುತ್ತಾರೆ. ಮೊದಲ ಸಲ ಕಾಯಿಲೆ ಖಚಿತ ಮಾಡುವಾಗ, ಔಷಧಿ ಬದಲಿಸುವಾಗ, ಔಷಧಿ ಇದ್ದೂ ಕಾಯಿಲೆ ಮತ್ತೆ ಮರುಕಳಿಸಿದಾಗ (ಇದಕ್ಕೆ ರಿಲ್ಯಾಪ್ಸ್ ಅನ್ನುತ್ತಾರೆ), ಬಸಿರಿನ ಯೋಚನೆ ಇದ್ದಾಗ, ಒಂದು ಸಲವಾದರೂ ಎಂಎಸ್ ತಜ್ಞರ ಅಭಿಪ್ರಾಯ ಕೇಳುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಯಾಕೆ ಅಂದರೆ, ಎಂಎಸ್ ತರಹವೇ ಕಾಣುವ ಇನ್ನೆರಡು ಕಾಯಿಲೆ ಇವೆ. ಒಂದು ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ), ಇನ್ನೊಂದು ಮಾಗ್ (MOG) ಅನ್ನುವ ಆ್ಯಂಟಿಬಾಡಿಯಿಂದ ಗುರುತಿಸುವ ಕಾಯಿಲೆ. ಕಣ್ಣು, ಬೆನ್ನುಹುರಿ ಎರಡಕ್ಕೂ ಏಟು, ಬಂದು ಹೋಗುವ ರೀತಿ, ಎಲ್ಲ ಹೋಲಿಕೆ. 2004ರಲ್ಲಿ ಎನ್‌ಎಂಒಗೆ ಸಂಬಂಧಿಸಿದ ಆ್ಯಂಟಿಬಾಡಿಯನ್ನು ಪತ್ತೆ ಹಚ್ಚುವವರೆಗೆ ಬಹಳ ಜನ ಇದನ್ನು ಎಂಎಸ್‌ನ ಒಂದು ಬಗೆ ಅಂತಲೇ ಅಂದುಕೊಂಡಿದ್ದರು. ಈಗ ಬಹಳ ಸಲ ಒಂದು ರಕ್ತಪರೀಕ್ಷೆಯಲ್ಲೇ ಗೊತ್ತಾಗುತ್ತದೆ. ಇದು ಪಂಡಿತರ ವಾದ ಅಂತ ತಳ್ಳಿಹಾಕಬೇಡಿ: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮಾಡ್, ನಟಾಲಿಜುಮ್ಯಾಬ್ ಎನ್‌ಎಂಒ ಇರುವವರಿಗೆ ಕಾಯಿಲೆಯನ್ನು ಕೆರಳಿಸಬಹುದು. ಎರಡೂ ಕಣ್ಣಿಗೆ ಒಟ್ಟಿಗೆ ತೊಂದರೆ, ಬೆನ್ನುಹುರಿಯಲ್ಲಿ ಉದ್ದಕ್ಕೆ ಹಬ್ಬಿದ ಮಚ್ಚೆ, ನಿಲ್ಲದ ಬಿಕ್ಕಳಿಕೆ ಅಥವಾ ವಾಂತಿ ಇದ್ದರೆ ನೇರವಾಗಿ ಕೇಳಿ: ಅಕ್ವಾಪೊರಿನ್ (ಎನ್‌ಎಂಒ ಆ್ಯಂಟಿಬಾಡಿಯದ್ದು) ಮತ್ತು ಮಾಗ್ ಪರೀಕ್ಷೆ ಆಗಿದೆಯಾ?

ರಿಲ್ಯಾಪ್ಸ್ ಅನಿಸಿದ ದಿನ

ಇಲ್ಲಿ ಮೊದಲು ಫ್ಯಾಮಿಲಿ ಡಾಕ್ಟರೇ ಬೇಕು. ಆಶ್ಚರ್ಯ ಅಲ್ವಾ? ರಿಲ್ಯಾಪ್ಸ್ ಅನ್ನಬೇಕಾದರೆ ಹೊಸ ತೊಂದರೆ ಅಥವಾ ಹಳೆಯದರ ಉಲ್ಬಣ ಕನಿಷ್ಠ 24 ಗಂಟೆ ಬಿಡದೆ ಇರಬೇಕು, ಜ್ವರ ಅಥವಾ ಸೋಂಕು ಇರಬಾರದು. ಹಳೆಯ ಗಾಯ ಇರುವ ನರ ಮೈ ಬಿಸಿಯಾದರೆ ಸಾಕು ಮತ್ತೆ ಕೈಕೊಡುತ್ತದೆ, ತಣ್ಣಗಾದಮೇಲೆ ಸರಿಹೋಗುತ್ತದೆ. ಮೂತ್ರದ ಸೋಂಕು ಆದಾಗಲೂ ಇದೇ ಆಟ. ಎಂಎಸ್ ಇರುವವರಿಗೆ ಮೂತ್ರದ ಸೋಂಕು ಇದ್ದರೂ ಉರಿ, ನೋವು ಗೊತ್ತಾಗದೆ ಇರಬಹುದು, ಬರೀ ಕಾಲು ಭಾರ ಅನಿಸಬಹುದು. ಆದ್ದರಿಂದ ಮೊದಲ ಕೆಲಸ ಒಂದು ಡಬ್ಬಿ ಮೂತ್ರ, ಒಂದು ಥರ್ಮಾಮೀಟರ್, ಒಂದು ರಕ್ತಪರೀಕ್ಷೆ. ಇದನ್ನು ಹತ್ತಿರದ ಕ್ಲಿನಿಕ್‌ನಲ್ಲಿ ಅರ್ಧ ದಿನದಲ್ಲಿ ಮುಗಿಸಬಹುದು, ಫಲಿತಾಂಶ ಕೈಯಲ್ಲಿಟ್ಟುಕೊಂಡು ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಬರೀ ಕೈಯಲ್ಲಿ ಮಾಡಿದರೆ ಅವರು ಹೇಳುವುದೂ ಮೊದಲು ಮೂತ್ರ ಪರೀಕ್ಷೆ ಮಾಡಿಸಿ ಅಂತಲೇ.

ನಿಜವಾದ ರಿಲ್ಯಾಪ್ಸ್ ಆಗಿದ್ದರೆ ಸ್ಟೀರಾಯ್ಡ್ ವಿಷಯ ಸ್ಪೆಷಲಿಸ್ಟ್‌ಗೆ ಬಿಡಿ. ಮಾಮೂಲಿ ಕ್ರಮ ಅಂದರೆ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ 3ರಿಂದ 5 ದಿನ ಡ್ರಿಪ್‌ನಲ್ಲಿ, ಅಥವಾ ದೊಡ್ಡ ಪ್ರಮಾಣದ ಮಾತ್ರೆಯಲ್ಲಿ. ಇಲ್ಲಿ ಸಾಮಾನ್ಯ ಡಾಕ್ಟರು ಕರುಣೆಯಿಂದ ಮಾಡುವ ಒಂದು ಕೆಲಸ ಇದೆ: ಕಣ್ಣು ಮಸುಕು ಅಂತ ಬಂದವರಿಗೆ ಪ್ರೆಡ್ನಿಸೊಲೋನ್ ಸಣ್ಣ ಡೋಸ್ ಬರೆದುಕೊಡುವುದು. 1992ರಲ್ಲಿ ಕಣ್ಣಿನ ನರದ ಉರಿಯೂತದ ಬಗ್ಗೆ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ದೇಹದ ತೂಕದ ಕಿಲೋಗೆ 1 ಮಿಲಿಗ್ರಾಂನಂತೆ ಬರೀ ಪ್ರೆಡ್ನಿಸೋನ್ ಮಾತ್ರೆ ತೆಗೆದುಕೊಂಡವರಲ್ಲಿ ಆ ಉರಿಯೂತ ಮತ್ತೆ ಬರುವುದು ಜಾಸ್ತಿ ಕಂಡಿತ್ತು. ಕೊಡುವುದಾದರೆ ಸರಿಯಾದ ಪ್ರಮಾಣ, ಇಲ್ಲದಿದ್ದರೆ ಬೇಡವೇ ಬೇಡ. ಇನ್ನೊಂದು ಮಾತು, ಸ್ಟೀರಾಯ್ಡ್ ಗುಣವಾಗುವ ವೇಗ ಹೆಚ್ಚಿಸುತ್ತದೆ, ಕೊನೆಗೆ ಎಷ್ಟು ಗುಣವಾಗುತ್ತದೆ ಅನ್ನುವುದನ್ನು ಹೆಚ್ಚು ಬದಲಿಸುವುದಿಲ್ಲ. ಸಣ್ಣ ಜೋಮಿಗೆಲ್ಲ ಡ್ರಿಪ್ ಹಾಕದಿದ್ದರೆ ಡಾಕ್ಟರು ಉದಾಸೀನ ಮಾಡಿದರು ಅಂದುಕೊಳ್ಳಬೇಡಿ. ಡ್ರಿಪ್ ನಡೆಯುವ ದಿನಗಳಲ್ಲಿ ಸಕ್ಕರೆ, ಬಿಪಿ, ನಿದ್ದೆ, ಹೊಟ್ಟೆ ನೋಡಿಕೊಳ್ಳುವ ಕೆಲಸ ಮತ್ತೆ ಫ್ಯಾಮಿಲಿ ಡಾಕ್ಟರದ್ದು.

ದೊಡ್ಡ ಔಷಧಿಗಳು: ಇಲ್ಲೇ ಇಬ್ಬರ ನಡುವೆ ಅಂತರ ಜಾಸ್ತಿ

1993ರಲ್ಲಿ ಮೊದಲ ಇಂಟರ್‌ಫೆರಾನ್ ಬಂತು, ಅಲ್ಲಿಯವರೆಗೆ ಎಂಎಸ್‌ನ ದಾರಿ ಬದಲಿಸುವ ಔಷಧಿ ಅಂತ ಒಪ್ಪಿಗೆ ಪಡೆದದ್ದು ಇರಲಿಲ್ಲ. 2010ರಲ್ಲಿ ಮೊದಲ ಮಾತ್ರೆ ಫಿಂಗೋಲಿಮಾಡ್, 2017ರಲ್ಲಿ ಆಕ್ರೆಲಿಜುಮ್ಯಾಬ್. ಮೊದಲಿನಿಂದಲೇ ನಿಧಾನಕ್ಕೆ ಏರುತ್ತಾ ಹೋಗುವ ಎಂಎಸ್‌ಗೂ ಒಪ್ಪಿಗೆ ಪಡೆದ ಮೊದಲ ಔಷಧಿ ಅದು. ಈಗ ಒಂದು ಡಜನ್‌ಗೂ ಜಾಸ್ತಿ ಇವೆ, ಒಂದೊಂದಕ್ಕೂ ಒಂದೊಂದು ಅಪಾಯ, ಒಂದೊಂದು ಪರೀಕ್ಷೆ. ಯಾವುದನ್ನು ಶುರು ಮಾಡಬೇಕು, ಯಾವಾಗ ಬದಲಿಸಬೇಕು, ಯಾವಾಗ ನಿಲ್ಲಿಸಬೇಕು, ಇದು ಪೂರ್ತಿ ಸ್ಪೆಷಲಿಸ್ಟ್ ಕೆಲಸ. ಇದರಲ್ಲಿ ರಾಜಿ ಬೇಡ.

ಒಂದೇ ಅಂಕಿಗೆ ಎರಡು ಅರ್ಥ ಹೇಗೆ ಬರುತ್ತದೆ ನೋಡಿ. ಲ್ಯಾಬ್ ರಿಪೋರ್ಟ್‌ನಲ್ಲಿ ಲಿಂಫೊಸೈಟ್ (ಒಂದು ಬಗೆಯ ಬಿಳಿ ರಕ್ತಕಣ) 450 ಅಂತ ಇದೆ, ಪಕ್ಕದಲ್ಲಿ ಕಡಿಮೆ ಅಂತ ಗುರುತು. ಫಿಂಗೋಲಿಮಾಡ್ ತೆಗೆದುಕೊಳ್ಳುವವರಲ್ಲಿ ಇದು ಮಾಮೂಲು. ಆ ಔಷಧಿ ಕೆಲಸ ಮಾಡುವುದೇ ಈ ಕಣಗಳನ್ನು ದುಗ್ಧಗ್ರಂಥಿಯೊಳಗೆ ಕೂಡಿಹಾಕಿ. ಸಾಮಾನ್ಯವಾಗಿ 200ಕ್ಕಿಂತ ಕೆಳಗೆ ಇಳಿದರೆ ಮಾತ್ರ ನಿಲ್ಲಿಸುವ ಮಾತು. ಅದೇ 450 ಡೈಮೀಥೈಲ್ ಫ್ಯೂಮರೇಟ್ ಅನ್ನುವ ಇನ್ನೊಂದು ಎಂಎಸ್ ಔಷಧಿ ತೆಗೆದುಕೊಳ್ಳುವವರಲ್ಲಿ ಆರು ತಿಂಗಳಿಗೂ ಮೀರಿ ಹಾಗೇ ಇದ್ದರೆ ನಿಲ್ಲಿಸುವ ಬಗ್ಗೆ ಯೋಚಿಸಲೇಬೇಕು. ರಿಪೋರ್ಟ್ ನೋಡಿದ ಸಾಮಾನ್ಯ ಡಾಕ್ಟರು ಮೊದಲನೆಯವರ ಔಷಧಿಯನ್ನು ಗಾಬರಿಯಿಂದ ನಿಲ್ಲಿಸಿ, ಎರಡನೆಯವರಿಗೆ ಪರವಾಗಿಲ್ಲ ಅಂದುಬಿಟ್ಟರೆ ಎರಡೂ ಕೆಟ್ಟಿತು. ಫಿಂಗೋಲಿಮಾಡ್ ಮತ್ತು ನಟಾಲಿಜುಮ್ಯಾಬ್ ಎರಡನ್ನೂ ಸುಮ್ಮನೆ ನಿಲ್ಲಿಸಿದರೆ ಕೆಲವರಿಗೆ ಕೆಲವೇ ತಿಂಗಳಲ್ಲಿ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಹಲ್ಲು ಕೀಳಿಸುವುದಕ್ಕೋ ಬೇರೆ ಆಪರೇಷನ್‌ಗೋ ಅಡ್ಮಿಟ್ ಆದಾಗ ಯಾರಾದರೂ ಎಂಎಸ್ ಮಾತ್ರೆ ನಿಲ್ಲಿಸಿ ಅಂದರೆ, ನ್ಯೂರಾಲಜಿಸ್ಟ್‌ನ ಕೇಳಿ ಹೇಳ್ತೀನಿ ಅನ್ನಿ. ಅಷ್ಟು ಧೈರ್ಯ ಬೇಕು.

ನಟಾಲಿಜುಮ್ಯಾಬ್ ತೆಗೆದುಕೊಳ್ಳುವವರು ಜೆಸಿ ವೈರಸ್ ಪರೀಕ್ಷೆಯ ಬಗ್ಗೆ ತಿಳಿದುಕೊಂಡಿರಲೇಬೇಕು. ಪರೀಕ್ಷೆ ಪಾಸಿಟಿವ್ ಇದ್ದು, ಔಷಧಿ ಎರಡು ವರ್ಷ ದಾಟಿ, ಹಿಂದೆ ರೋಗನಿರೋಧಕ ಶಕ್ತಿ ತಗ್ಗಿಸುವ ಬೇರೆ ಔಷಧಿಯನ್ನೂ ತೆಗೆದುಕೊಂಡಿದ್ದರೆ ಆ ವೈರಸ್‌ನಿಂದ ಬರುವ ಪಿಎಂಎಲ್ ಅನ್ನುವ ಮೆದುಳಿನ ಸೋಂಕಿನ ಅಪಾಯ ಏರುತ್ತದೆ. ಅದು ಹೊರಗಿನಿಂದ ರಿಲ್ಯಾಪ್ಸ್ ತರಹವೇ ಕಾಣಬಹುದು: ಮಾತು ತೊದಲುವುದು, ಒಂದು ಬದಿ ಕಾಣದಿರುವುದು, ನಡವಳಿಕೆ ಬದಲಾಗುವುದು. ರಿಲ್ಯಾಪ್ಸ್ ಅಂತ ಅಂದಾಜು ಮಾಡಿ ಸ್ಟೀರಾಯ್ಡ್ ಕೊಡುವ ಮೊದಲು ಎಂಆರ್‌ಐ ಆಗಬೇಕು.

ಹಾಗಾದರೆ ಫ್ಯಾಮಿಲಿ ಡಾಕ್ಟರಿಗೆ ಇಲ್ಲಿ ಕೆಲಸವಿಲ್ವಾ? ಬೇಕಾದಷ್ಟಿದೆ. ಲಸಿಕೆಗಳು ಅವರ ಕೈಯಲ್ಲೇ ಇರುವುದು. ಆಕ್ರೆಲಿಜುಮ್ಯಾಬ್ ಶುರು ಮಾಡುವ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಬೇಕು, ಜೀವಂತ ಲಸಿಕೆ (ಬಲ ತಗ್ಗಿಸಿದ ಜೀವಂತ ರೋಗಾಣು ಇರುವಂಥದ್ದು) ಬೇಕಿದ್ದರೆ ಕನಿಷ್ಠ 4 ವಾರ ಮೊದಲು, ಉಳಿದ ಲಸಿಕೆ ಆದಷ್ಟು 2 ವಾರ ಮೊದಲು. ಔಷಧಿ ಶುರುವಾದಮೇಲೆ ಜೀವಂತ ಲಸಿಕೆ ಬೇಡ. ಈ ತಾರೀಖುಗಳ ಲೆಕ್ಕವೇ ಇಬ್ಬರ ನಡುವೆ ಬಿದ್ದುಹೋಗುವ ಮೊದಲ ವಸ್ತು. ಬಸಿರಿನದ್ದು ಎರಡನೆಯದು. ಟೆರಿಫ್ಲುನೊಮೈಡ್ ಅನ್ನುವ ಎಂಎಸ್ ಮಾತ್ರೆ ನಿಲ್ಲಿಸಿದ ಮೇಲೂ ಎರಡು ವರ್ಷದವರೆಗೆ ಮೈಯಲ್ಲಿ ಉಳಿಯಬಹುದು, ಅದನ್ನು ಬೇಗ ಹೊರಹಾಕಲು ಕೊಲೆಸ್ಟಿರಮಿನ್ ಕೊಡುತ್ತಾರೆ. ಮಗು ಬೇಕು ಅನಿಸಿದ ದಿನವೇ ಹೇಳಬೇಕು, ಟೆಸ್ಟ್ ಪಾಸಿಟಿವ್ ಬಂದ ದಿನ ತಡವಾಗಿರುತ್ತದೆ. ಗರ್ಭನಿರೋಧಕದ ಮಾತು ಸಾಮಾನ್ಯವಾಗಿ ಫ್ಯಾಮಿಲಿ ಡಾಕ್ಟರ ಹತ್ತಿರವೇ ನಡೆಯುವುದರಿಂದ, ಯಾವ ಎಂಎಸ್ ಔಷಧಿ ನಡೆಯುತ್ತಿದೆ ಅಂತ ಅವರಿಗೂ ಗೊತ್ತಿರಬೇಕು.

ಇನ್ನೊಂದು ಎಚ್ಚರಿಕೆ ಬೇರೆ ಸ್ಪೆಷಲಿಸ್ಟ್‌ಗಳ ಬಗ್ಗೆ. ಕೀಲುವಾತಕ್ಕೋ ಕರುಳಿನ ಕಾಯಿಲೆಗೋ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ತರಹದ, ಟಿಎನ್‌ಎಫ್ (ಉರಿಯೂತ ಹೆಚ್ಚಿಸುವ ಒಂದು ಪ್ರೋಟೀನ್) ತಡೆಯುವ ಇಂಜೆಕ್ಷನ್ ಕೊಡುತ್ತಾರೆ. ಎಂಎಸ್ ಇದ್ದವರಿಗೆ ಇದು ಕಾಯಿಲೆ ಕೆರಳಿಸಬಹುದು. ಅಲ್ಲಿ ಎಂಎಸ್ ಇದೆ ಅಂತ ಬಾಯಿಬಿಟ್ಟು ಹೇಳಿ.

ದಿನನಿತ್ಯದ ಕಾಟ

ಮೂತ್ರದ ಅವಸರ ಅಂದ ಕೂಡಲೇ ಅದನ್ನು ತಡೆಯುವ ಮಾತ್ರೆ ಬರೆಯುವುದು ಸುಲಭ. ಆದರೆ ಎಂಎಸ್‌ನಲ್ಲಿ ಮೂತ್ರಚೀಲ ಪೂರ್ತಿ ಖಾಲಿಯಾಗದೆ ಇರುವುದರಿಂದಲೂ ಅವಸರ ಬರಬಹುದು. ಅಂಥವರಿಗೆ ಈ ಮಾತ್ರೆ ಕೊಟ್ಟರೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಮೂತ್ರ ಮಾಡಿದ ಮೇಲೆ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್‌ನಲ್ಲಿ ನೋಡಿಯೇ ಮಾತ್ರೆ ಶುರು ಮಾಡಿ ಅಂತ ಕೇಳಿಕೊಳ್ಳಿ. ಐದು ನಿಮಿಷದ ಪರೀಕ್ಷೆ.

ಕಾಲು ಬಿಗಿತಕ್ಕೆ ಬ್ಯಾಕ್ಲೊಫೆನ್ ಯಾವ ಡಾಕ್ಟರಾದರೂ ಬರೆಯುತ್ತಾರೆ. ಎಷ್ಟು ಅನ್ನುವುದೇ ಕಷ್ಟ. ಕೆಲವರ ಸೋತ ಕಾಲು ನಿಂತಿರುವುದೇ ಆ ಬಿಗಿತದ ಆಸರೆಯಲ್ಲಿ. ಬಿಗಿತ ಪೂರ್ತಿ ತೆಗೆದರೆ ಮಂಡಿ ಮಡಿಸಿಕೊಂಡು ಬೀಳುತ್ತಾರೆ. ಎಂಎಸ್ ನೋಡಿ ಪಳಗಿದ ಡಾಕ್ಟರು ಅಥವಾ ಫಿಸಿಯೋಥೆರಪಿಸ್ಟ್ ನಿಮ್ಮನ್ನು ಎದ್ದು ನಡೆಸಿ ನೋಡಿ, ಡೋಸ್ ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಮತ್ತೆ, ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್, ಭ್ರಮೆ ಬರಬಹುದು.

ಸುಸ್ತು, ಖಿನ್ನತೆ, ನಿದ್ದೆ, ಮಲಬದ್ಧತೆ, ಈ ನಾಲ್ಕರಲ್ಲಿ ನನ್ನ ಮತ ಫ್ಯಾಮಿಲಿ ಡಾಕ್ಟರಿಗೆ. ನಿಮ್ಮ ಮನೆ ಪರಿಸ್ಥಿತಿ ಅವರಿಗೆ ಗೊತ್ತು, ಮೊದಲಿನ ನಿಮ್ಮನ್ನು ನೋಡಿದ್ದಾರೆ. ಸುಸ್ತು ಎಂಎಸ್‌ನದ್ದು ಅಂತ ತೀರ್ಮಾನಿಸುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ರಾತ್ರಿ ಮೂತ್ರಕ್ಕೆ ಎಷ್ಟು ಸಲ ಏಳುತ್ತೀರಿ ಅನ್ನುವುದನ್ನೆಲ್ಲ ನೋಡುವವರು ಅವರೇ. ಎಲ್ಲವನ್ನೂ ಎಂಎಸ್ ತಲೆಗೆ ಕಟ್ಟುವುದು ಸ್ಪೆಷಲಿಸ್ಟ್ ಕ್ಲಿನಿಕ್‌ನ ರೋಗ. ಎದೆ ಸುತ್ತ ಬಿಗಿದಂತೆ ಆಗುವುದು ಎಂಎಸ್‌ನಲ್ಲಿ ಇದೆ, ನಿಜ. ಆದರೆ ಮೊದಲ ಸಲ ಎದೆ ಬಿಗಿದರೆ ಇಸಿಜಿ ಮೊದಲು, ಎಂಎಸ್ ಆಮೇಲೆ. ಬಿಪಿ, ಸಕ್ಕರೆ, ಸಿಗರೇಟು, ಇವು ಎಂಎಸ್ ಅನ್ನೂ ಕೆಡಿಸುತ್ತವೆ, ಇವನ್ನು ನ್ಯೂರಾಲಜಿಸ್ಟ್ ಕೇಳಿ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ ಅಷ್ಟೆ. ಕ್ಯಾನ್ಸರ್ ತಪಾಸಣೆ, ಮೂಳೆ ಸಾಂದ್ರತೆ ಕೂಡ ಹೀಗೇ ಮರೆತುಹೋಗುತ್ತವೆ.

ಒಂದು ಹಾಳೆ ಇಟ್ಟುಕೊಳ್ಳಿ

ಇಬ್ಬರನ್ನೂ ಒಂದೇ ದಾರಿಗೆ ತರುವ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ. ದಪ್ಪ ಫೈಲ್ ಯಾರೂ ಓದುವುದಿಲ್ಲ. ಒಂದು ಹಾಳೆ ಸಾಕು, ಹೀಗೆ: "2019, ಬಲಗಣ್ಣು ಮಸುಕು, ಮೂರು ವಾರ. 2021, ಎಡಗಾಲು ಜೋಮು, ಡ್ರಿಪ್ 3 ದಿನ. ಈಗಿನ ಔಷಧಿ, ಶುರುವಾದ ತಿಂಗಳು. ಹಿಂದಿನ ಔಷಧಿ, ಯಾಕೆ ಬಿಟ್ಟೆ. ಕೊನೆಯ ಎಂಆರ್‌ಐ, ಹೊಸ ಚುಕ್ಕೆ ಇದೆ ಅಥವಾ ಇಲ್ಲ. ಹಾಕಿಸಿದ ಲಸಿಕೆ. ಅಲರ್ಜಿ." ಇದರ ಫೋಟೋ ಮೊಬೈಲ್‌ನಲ್ಲಿ ಇರಲಿ.

ಸ್ಪೆಷಲಿಸ್ಟ್ ದೂರ ಇದ್ದರೆ, ಕಾಯಿಲೆ ಹತೋಟಿಯಲ್ಲಿದ್ದರೆ, 6ರಿಂದ 12 ತಿಂಗಳಿಗೊಮ್ಮೆ ನೋಡಿದರೆ ಬಹಳ ಸಲ ಸಾಕಾಗುತ್ತದೆ. ನಡುವಿನ ರಕ್ತಪರೀಕ್ಷೆಗಳನ್ನು ಹತ್ತಿರದ ಡಾಕ್ಟರು ಮಾಡಿಸಬಹುದು. ಆದರೆ ಸ್ಪೆಷಲಿಸ್ಟ್ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ: ಯಾವ ಪರೀಕ್ಷೆ ಎಷ್ಟು ತಿಂಗಳಿಗೆ, ಅಂಕಿ ಎಷ್ಟಕ್ಕೆ ಇಳಿದರೆ ಅಥವಾ ಏರಿದರೆ ಫೋನ್ ಮಾಡಬೇಕು, ಯಾವ ನಂಬರಿಗೆ. ಅಂಕಿ ಇಲ್ಲದ ಪತ್ರ ತೆಗೆದುಕೊಂಡು ಎದ್ದು ಬರಬೇಡಿ. ಗಮನಿಸುತ್ತಿರಿ ಅಂತ ಮಾತ್ರ ಬರೆದರೆ ಆ ಕಡೆಯ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ.

ಬೇರೆ ಡಾಕ್ಟರ ಅಭಿಪ್ರಾಯ ಕೇಳಲು ಹೊರಟಾಗ ಎಂಆರ್‌ಐ ರಿಪೋರ್ಟ್ ಹಾಳೆ ಜೊತೆ ಸಿಡಿಯನ್ನೂ ತೆಗೆದುಕೊಂಡು ಹೋಗಿ, ಹಳೆಯವೆಲ್ಲ ಸೇರಿಸಿ. ಎಂಎಸ್ ತಜ್ಞರು ಹಾಳೆಯನ್ನು ಪಕ್ಕಕ್ಕಿಟ್ಟು ಚಿತ್ರವನ್ನೇ ತೆರೆಯುತ್ತಾರೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡದೆ ಯಾವ ಚುಕ್ಕೆ ಹೊಸದು ಅಂತ ಯಾರಿಗೂ ಹೇಳಲಾಗುವುದಿಲ್ಲ. ಸಾಧ್ಯವಾದರೆ ಪ್ರತಿ ಸಲ ಒಂದೇ ಮೆಷಿನ್‌ನಲ್ಲಿ ತೆಗೆಸಿ, ಹೋಲಿಸುವುದು ಸುಲಭವಾಗುತ್ತದೆ.